ಫ್ರೆಡ್ಡಿ ಫ್ರೀಮನ್: 12 ಸೀಸನ್‌ಗಳ ತಂಡ ಬಿಟ್ಟು ಬಂದು ವರ್ಲ್ಡ್ ಸೀರೀಸ್ ಹೀರೋ ಆದ ಬೇಸ್‌ಬಾಲ್ ತಾರೆ

2024ರ ಅಕ್ಟೋಬರ್ 25. ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಹತ್ತನೇ ಇನ್ನಿಂಗ್ಸ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ 3-2ರಿಂದ ಮುಂದಿತ್ತು. ಡಾಡ್ಜರ್ಸ್‌ನ ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಯಾಂಕೀಸ್ ತಂಡ ಮೂಕಿ ಬೆಟ್ಸ್‌ಗೆ ಬೇಕೆಂದೇ ಮೊದಲ ಬೇಸ್ ಬಿಟ್ಟುಕೊಟ್ಟು, ಕಾಲು ಉಳುಕಿಸಿಕೊಂಡಿದ್ದ ಫ್ರೆಡ್ಡಿ ಫ್ರೀಮನ್ ಅವರನ್ನು ಎದುರಿಸಲು ನಿರ್ಧರಿಸಿತು. ನೆಸ್ಟರ್ ಕಾರ್ಟೆಸ್ ಎಸೆದ ಮೊದಲ ಚೆಂಡನ್ನೇ ಫ್ರೀಮನ್ ಗ್ಯಾಲರಿಗೆ ಅಟ್ಟಿದರು. ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ ಬರುವ ಇಂಥ ಹೋಮ್ ರನ್‌ಗೆ ಗ್ರ್ಯಾಂಡ್ ಸ್ಲಾಮ್ ಎನ್ನುತ್ತಾರೆ. ಒಂದೇ ಹೊಡೆತಕ್ಕೆ ನಾಲ್ಕು ರನ್, ಪಂದ್ಯ 6-3. ಗ್ರ್ಯಾಂಡ್ ಸ್ಲಾಮ್‌ನಿಂದಲೇ ಪಂದ್ಯ ಮುಗಿದದ್ದು ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಅದೇ ಮೊದಲು. ಫ್ರೀಮನ್ ಸಂಭ್ರಮದ ನಡುವೆಯೇ ಬಲೆಯ ಹಿಂದೆ ಕೂತಿದ್ದ ತಂದೆಯ ಬಳಿಗೆ ಓಡಿದರು.

ಅದಕ್ಕೂ ಎರಡೂವರೆ ವರ್ಷ ಮೊದಲು ಇದೇ ಆಟಗಾರ ತನ್ನ ಹಳೆಯ ತಂಡ ಬೇರೊಬ್ಬನನ್ನು ತಂದುಕೊಂಡದ್ದನ್ನು ನೋಡಬೇಕಾಗಿ ಬಂದಿತ್ತು.

ಅಟ್ಲಾಂಟಾದ ಮನೆಮಗ

ಫ್ರೀಮನ್ ಹುಟ್ಟಿದ್ದು 1989ರಲ್ಲಿ, ಕ್ಯಾಲಿಫೋರ್ನಿಯಾದ ಫೌಂಟನ್ ವ್ಯಾಲಿಯಲ್ಲಿ. ತಂದೆ ತಾಯಿ ಕೆನಡಾ ಮೂಲದವರು. ಹತ್ತು ವರ್ಷದವರಿದ್ದಾಗ ತಾಯಿ ಚರ್ಮದ ಕ್ಯಾನ್ಸರ್‌ನಿಂದ ತೀರಿಕೊಂಡರು. ಬಿರುಬೇಸಿಗೆಯಲ್ಲೂ ಅವರು ಉದ್ದ ತೋಳಿನ ಅಂಗಿ ತೊಟ್ಟು ಆಡುವುದು ತಾಯಿಯ ನೆನಪಿಗಾಗಿ.

2007ರ ಡ್ರಾಫ್ಟ್‌ನಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಅವರನ್ನು ಆರಿಸಿಕೊಂಡಿತು. 2010ರಲ್ಲಿ ಮೊದಲ ಪಂದ್ಯ, 2014ರಲ್ಲಿ ಎಂಟು ವರ್ಷಗಳ 13.5 ಕೋಟಿ ಡಾಲರ್ ಒಪ್ಪಂದ. ತಂಡ ಸೋಲುತ್ತಲೇ ಇದ್ದ ವರ್ಷಗಳಲ್ಲೂ ಅವರು ಅಲ್ಲೇ ಉಳಿದರು. 2020ರಲ್ಲಿ ಸೀಸನ್ ಶುರುವಾಗುವ ಹೊತ್ತಿಗೆ ಕೋವಿಡ್ ಜ್ವರದಿಂದ ಮಲಗಿದ್ದವರು, ಎದ್ದು ಬಂದು ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು. 2021ರಲ್ಲಿ ಬ್ರೇವ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಆ ವರ್ಷವೇ ಒಪ್ಪಂದವೂ ಮುಗಿಯಿತು.

ಐಪಿಎಲ್‌ನಂತೆ ಇಲ್ಲಿ ಹರಾಜು ಇಲ್ಲ. ಒಪ್ಪಂದ ಮುಗಿದ ಹಿರಿಯ ಆಟಗಾರ ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಫ್ರೀಮನ್ ಅಟ್ಲಾಂಟಾದಲ್ಲೇ ಉಳಿಯುತ್ತಾರೆಂದು ಬಹಳ ಮಂದಿ ನಂಬಿದ್ದರು. ಆದರೆ ಮಾಲೀಕರು ಮತ್ತು ಆಟಗಾರರ ಸಂಘದ ಜಟಾಪಟಿಯಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಎಲ್ಲ ಮಾತುಕತೆ ನಿಂತುಹೋಯಿತು. ಬಾಗಿಲು ತೆರೆದ ಕೆಲವೇ ದಿನಕ್ಕೆ, 2022ರ ಮಾರ್ಚ್ 14ರಂದು, ಬ್ರೇವ್ಸ್ ನಾಲ್ವರು ಯುವ ಆಟಗಾರರನ್ನು ಕೊಟ್ಟು ಓಕ್ಲೆಂಡ್‌ನಿಂದ ಮ್ಯಾಟ್ ಓಲ್ಸನ್ ಅವರನ್ನು ತಂದಿತು. ಓಲ್ಸನ್ ಕೂಡ ಫಸ್ಟ್ ಬೇಸ್ ಆಟಗಾರ. ಮರುದಿನವೇ ಅವರಿಗೆ ಎಂಟು ವರ್ಷಗಳ 16.8 ಕೋಟಿ ಡಾಲರ್ ಒಪ್ಪಂದ. ಫ್ರೀಮನ್‌ಗೆ ಅಲ್ಲಿ ಜಾಗವೇ ಇರಲಿಲ್ಲ. ಅದೇ ವಾರ ಅವರು ಆರು ವರ್ಷಗಳ 16.2 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದರು.

ಲೆಕ್ಕಾಚಾರವಾಗಿ ನೋಡಿದರೆ ಬ್ರೇವ್ಸ್ ಮಾಡಿದ್ದು ಹುಚ್ಚುತನವಲ್ಲ. ಫ್ರೀಮನ್‌ಗೆ 32 ವರ್ಷ, ಓಲ್ಸನ್ ನಾಲ್ಕು ವರ್ಷಕ್ಕೂ ಹೆಚ್ಚು ಚಿಕ್ಕವರು. 2023ರಲ್ಲಿ ಓಲ್ಸನ್ 54 ಹೋಮ್ ರನ್ ಹೊಡೆದು ತಂಡದ ದಾಖಲೆಯನ್ನೇ ಮುರಿದರು. ಆದರೆ ಅಟ್ಲಾಂಟಾದ ಅಭಿಮಾನಿಗಳಿಗೆ ಇದು ಲೆಕ್ಕದ ವಿಷಯ ಆಗಿರಲಿಲ್ಲ. 2022ರ ಜೂನ್‌ನಲ್ಲಿ ಫ್ರೀಮನ್ ಎದುರಾಳಿ ತಂಡದ ಜೆರ್ಸಿಯಲ್ಲಿ ಅಲ್ಲಿಗೆ ಹೋದಾಗ, ಪತ್ರಿಕಾಗೋಷ್ಠಿಯಲ್ಲೇ ಅತ್ತುಬಿಟ್ಟರು. ಹಿಂದಿನ ವರ್ಷದ ಗೆಲುವಿನ ಉಂಗುರವನ್ನು ಪಡೆಯುವಾಗ ಇಡೀ ಮೈದಾನ ಎದ್ದು ನಿಂತಿತ್ತು. ಮನಸ್ಸಿನ್ನೂ ಅಟ್ಲಾಂಟಾದಲ್ಲೇ ಇದೆಯೇನೋ ಎಂಬ ಅನುಮಾನ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ್ದರೆ ಅಚ್ಚರಿಯಿಲ್ಲ.

ಕಣ್ಣೀರಿನ ನಂತರದ ಆಟ

ಅನುಮಾನಕ್ಕೆ ಉತ್ತರ ಬ್ಯಾಟ್‌ನಿಂದ ಬಂತು. ಆ ಸೀಸನ್‌ನಲ್ಲೇ 199 ಹಿಟ್, ಬ್ಯಾಟಿಂಗ್ ಸರಾಸರಿ .325. ಅಂದರೆ ಸಾವಿರ ಪ್ರಯತ್ನಕ್ಕೆ 325 ಹಿಟ್. ಬೇಸ್‌ಬಾಲ್‌ನಲ್ಲಿ .300 ದಾಟಿದರೇ ದೊಡ್ಡ ಮಾತು. 2023ರಲ್ಲಿ ಅದು .331ಕ್ಕೆ ಏರಿತು. 211 ಹಿಟ್, 29 ಹೋಮ್ ರನ್, ಜೊತೆಗೆ 59 ಡಬಲ್. ಬ್ಯಾಟರ್ ಎರಡನೇ ಬೇಸ್ ತಲುಪುವ ಹೊಡೆತವೇ ಡಬಲ್. ಒಂದೇ ಸೀಸನ್‌ನಲ್ಲಿ ಇಷ್ಟು ಡಬಲ್ ಡಾಡ್ಜರ್ಸ್ ಪರ ಅದುವರೆಗೆ ಯಾರೂ ಹೊಡೆದಿರಲಿಲ್ಲ.

2024 ಕಠಿಣ ವರ್ಷ. ಕಿರಿಯ ಮಗ ಮ್ಯಾಕ್ಸಿಮಸ್‌ಗೆ ಗಿಲ್ಲನ್ ಬಾರೆ ಸಿಂಡ್ರೋಮ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಮೂರು ವರ್ಷದ ಹಸುಗೂಸು ವೆಂಟಿಲೇಟರ್‌ನಲ್ಲಿತ್ತು. ಫ್ರೀಮನ್ ಆಟ ಬಿಟ್ಟು ಆಸ್ಪತ್ರೆಯಲ್ಲೇ ಇದ್ದರು. ಮಗು ಚೇತರಿಸಿಕೊಂಡ ಮೇಲೆ ಆಗಸ್ಟ್ 5ರಂದು ಮೈದಾನಕ್ಕೆ ಮರಳಿದಾಗ ಡಾಡ್ಜರ್ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಟ್ಲಾಂಟಾದಲ್ಲಿ ಸಿಕ್ಕಿದ್ದ ಪ್ರೀತಿ ಇಲ್ಲೂ ಸಿಕ್ಕಿದೆ ಎಂಬುದು ಅಂದು ಕಣ್ಣಿಗೆ ಕಂಡಿತು.

ಸೆಪ್ಟೆಂಬರ್ ಕೊನೆಗೆ ಬಲಗಾಲಿನ ಪಾದದ ಗಂಟು ಉಳುಕಿತು. ವರ್ಲ್ಡ್ ಸೀರೀಸ್‌ಗೆ ಮುಂಚಿನ ನಾಕೌಟ್ ಪಂದ್ಯಗಳಲ್ಲಿ ಒಂದೂ ಹೋಮ್ ರನ್ ಬರಲಿಲ್ಲ. ಆಮೇಲೆ ಯಾಂಕೀಸ್ ವಿರುದ್ಧ ಮೊದಲ ನಾಲ್ಕೂ ಪಂದ್ಯಗಳಲ್ಲಿ ಹೋಮ್ ರನ್. 2021ರಲ್ಲಿ ಬ್ರೇವ್ಸ್ ಪರ ಕೊನೆಯ ಎರಡು ಪಂದ್ಯಗಳಲ್ಲಿ ಹೊಡೆದದ್ದನ್ನೂ ಸೇರಿಸಿದರೆ ವರ್ಲ್ಡ್ ಸೀರೀಸ್‌ನಲ್ಲಿ ಸತತ ಆರು ಪಂದ್ಯ. ಇದು ದಾಖಲೆ, ಮತ್ತು ಅದರ ಮೂರನೇ ಒಂದು ಭಾಗ ಹಳೆಯ ತಂಡದ್ದು! ಡಾಡ್ಜರ್ಸ್ ಐದು ಪಂದ್ಯಗಳಲ್ಲಿ ಸರಣಿ ಗೆದ್ದಿತು, ಸರಣಿಶ್ರೇಷ್ಠ ಪ್ರಶಸ್ತಿ ಫ್ರೀಮನ್ ಪಾಲಾಯಿತು.

2025ರ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿ ಟೊರಾಂಟೊ ಬ್ಲೂ ಜೇಸ್. ತಂದೆ ತಾಯಿಯ ನಾಡಾದ ಕೆನಡಾದ ತಂಡ. ಮೂರನೇ ಪಂದ್ಯ ಒಂಬತ್ತು ಇನ್ನಿಂಗ್ಸ್‌ನಲ್ಲಿ ಮುಗಿಯದೆ ಹದಿನೆಂಟರವರೆಗೆ, ಆರೂವರೆ ಗಂಟೆಗೂ ಹೆಚ್ಚು ಕಾಲ ಎಳೆಯಿತು. ಕೊನೆಗೆ ಅದನ್ನೂ ಹೋಮ್ ರನ್‌ನಿಂದ ಮುಗಿಸಿದವರು ಫ್ರೀಮನ್. ಸರಣಿ ಏಳನೇ ಪಂದ್ಯದವರೆಗೆ ಹೋಗಿ ಡಾಡ್ಜರ್ಸ್ ಮತ್ತೆ ಚಾಂಪಿಯನ್ ಆಯಿತು. 2022ರಲ್ಲಿ ಸಹಿ ಹಾಕಿದ ಒಪ್ಪಂದ 2027ರ ಸೀಸನ್‌ವರೆಗೆ ಇದೆ.