ಹಳದಿ ಹಲ್ಲು ಕಲಿಸಿದ ಪಾಠ



ಮುಳಬಾಗಿಲು ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಹೊಸದಾಗಿ ಪಾಠ ಹೇಳುತ್ತಿದ್ದ ದಿನಗಳು. ಹಲ್ಲಿನ ಮೇಲೆ ಹಳದಿ-ಕಂದು ಗೆರೆಗಳಿದ್ದ ಬಾಲಕನೊಬ್ಬನನ್ನು "ಹಲ್ಲುಜ್ಜುವುದಿಲ್ಲವೇ?" ಎಂದು ತರಗತಿಯ ಎದುರಿಗೇ ಗದರಿದೆನು. ಅವನು ಮರುಮಾತಾಡದೆ ತುಟಿ ಮುಚ್ಚಿಕೊಂಡನು. ತಪ್ಪು ಅವನದಲ್ಲ, ಅವನೂರಿನ ನೀರಿನದು ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಫ್ಲೋರೋಸಿಸ್ ಕುರಿತು ವೈದ್ಯರು 1937ರಲ್ಲಿಯೇ ಬರೆದಿದ್ದರು. ನಮ್ಮಲ್ಲಿ ಕೆರೆ, ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಬಂಡೆಯೊಳಗಿನ ಫ್ಲೋರೈಡ್ ನೀರಿನೊಡನೆ ಮೇಲೆ ಬಂದಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಕುದಿಸಿದರೂ ಹೋಗದು. ಈಗ ಶುದ್ಧ ನೀರಿನ ಘಟಕಗಳು ಬಂದಿವೆ. ಆದರೂ ಕೆಲವರು ಹಳೆಯ ನೀರನ್ನೇ ಕುಡಿಯುತ್ತಾರೆ. ಅದನ್ನು ನಾವು ಸುಲಭವಾಗಿ 'ಅಜ್ಞಾನ' ಎಂದುಬಿಡುತ್ತೇವೆ.

ಇದೇ ಮಾತನ್ನು 1950ರ ದಶಕದ ಅಮೆರಿಕದಲ್ಲಿಯೂ ಆಡಿದ್ದರು. ಕ್ಷಯಪತ್ತೆಗೆ ಉಚಿತ ಎಕ್ಸ್-ರೇ ವಾಹನ ಮನೆಯ ಬಳಿಗೇ ಬಂದರೂ ಜನರು ಬರಲಿಲ್ಲ. ಹಾಖ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಅದರ ಕಾರಣವನ್ನು ಹುಡುಕಿದರು. ರೋಗ ನನಗೂ ಬರಬಹುದೇ, ಬಂದರೆ ಎಷ್ಟು ಕೆಡುಕು, ಪರೀಕ್ಷೆಯಿಂದ ಲಾಭವೇನು, ಅಡ್ಡಿಗಳೇನು ಎಂಬುದನ್ನು ತೂಗಿನೋಡಿ ಮನುಷ್ಯನು ನಡೆಯುತ್ತಾನೆಂಬ 'ಆರೋಗ್ಯ ನಂಬಿಕೆಯ ಮಾದರಿ' ಹೀಗೆ ರೂಪುಗೊಂಡಿತು.

ನಮ್ಮ ನಾಡು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. 1959ರಲ್ಲಿ ಆರಂಭವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್‌ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಬಹುತೇಕರು ತಮ್ಮ ರೋಗಲಕ್ಷಣಗಳನ್ನು ಬಲ್ಲವರಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು, ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮರಳಿದ್ದರು. ಕೊರತೆ ಇದ್ದುದು ಜನರಲ್ಲಿ ಅಲ್ಲ, ವ್ಯವಸ್ಥೆಯಲ್ಲಿ. ಪ್ರತ್ಯೇಕ ಕ್ಷಯಕೇಂದ್ರಗಳ ಬದಲು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಪರೀಕ್ಷೆ, ಚಿಕಿತ್ಸೆ ದೊರೆಯಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಂತಹ ಅರಿವೇ ಬುನಾದಿಯಾಯಿತು.

ಫ್ಲೋರೈಡಿಗೂ ಇದೇ ಬೆಳಕನ್ನು ಹಿಡಿಯೋಣ. ನೀರು ತಿಳಿಯಾಗಿದೆ, ರುಚಿ ಕೆಟ್ಟಿಲ್ಲ. ಊರಿನವರೆಲ್ಲರ ಹಲ್ಲೂ ಹಾಗೆಯೇ ಇರುವಾಗ ಅದು ರೋಗವೆಂದು ತೋರುವುದಾದರೂ ಹೇಗೆ? ಮೂಡಿದ ಕಲೆ ಶುದ್ಧ ನೀರು ಕುಡಿದ ಮಾತ್ರಕ್ಕೆ ಅಳಿಯುವುದಿಲ್ಲವಾದ್ದರಿಂದ ದೊಡ್ಡವರಿಗೆ ಲಾಭವೂ ಕಾಣದು. ಲಾಭ ಮುಖ್ಯವಾಗಿ ಶಾಶ್ವತ ಹಲ್ಲು ಇನ್ನೂ ರೂಪುಗೊಳ್ಳುತ್ತಿರುವ ಎಳೆಯ ಮಕ್ಕಳದು. ಆದುದರಿಂದ ಮಾತು ಆರಂಭವಾಗಬೇಕಾದುದು ಅಂಗನವಾಡಿಯ ತಾಯಂದಿರೊಡನೆ. ಘಟಕವು ದೂರವಿದ್ದರೆ, ಕೆಟ್ಟು ನಿಂತಿದ್ದರೆ ಉಪದೇಶದಿಂದ ಕೊಡ ತುಂಬುವುದಿಲ್ಲ.

ಬಿ.ಎಡ್. ತರಗತಿಯಲ್ಲಿ ಮನಶ್ಶಾಸ್ತ್ರ ಓದಿದ್ದ ನಾನೂ ಅಂದು ಕೇಳುವ ಮೊದಲೇ ತೀರ್ಪು ಕೊಟ್ಟೆನು. ಆ ಬಾಲಕನು ಇಂದು ನಡುವಯಸ್ಸಿನವನಾಗಿರಬೇಕು. ಇದನ್ನು ಓದುತ್ತಿದ್ದರೆ, ಮಗೂ, ಈ ಮೇಷ್ಟರನ್ನು ಕ್ಷಮಿಸು.