ನಡುವಿನ ಗಾಳಿಯ ಲೆಕ್ಕ

ಮುಂಬಯಿಯ ವಡಾಲದಲ್ಲಿ ನೆಲ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಪೂರ್ವಕ್ಕೆ ಉಪ್ಪಿನ ಗದ್ದೆ, ಅದರಾಚೆ ಕಾಂಡ್ಲಾ ಕಾಡು, ಕೆಸರು, ಕೊನೆಗೆ ಬಂದರಿನ ನೀರು. ಉಬ್ಬರದಲ್ಲಿ ಕಂಡ ಅಂಚು ಇಳಿತದಲ್ಲಿ ಇರುವುದಿಲ್ಲ. 2005ರಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದನ್ನು ತಡೆದ ಮೇಲೆ, ಕಾಡು ಎಲ್ಲಿದೆ ಎಂಬುದಕ್ಕೆ ಉಪಗ್ರಹ ಚಿತ್ರಗಳೂ ಸಾಕ್ಷಿಯಾದವು. ಆದರೆ ಉಪಗ್ರಹ ನೆಲವನ್ನಷ್ಟೇ ನೋಡುವುದಿಲ್ಲ, ನಡುವಿನ ಗಾಳಿಯನ್ನೂ ನೋಡುತ್ತದೆ. ಆ ಗಾಳಿಯ ಪಾಲನ್ನು ಕಳೆಯುವ ಲೆಕ್ಕಕ್ಕೆ ವಾತಾವರಣ ತಿದ್ದುಪಡಿ ಎಂದು ಹೆಸರು.

ಈ ಲೆಕ್ಕದ ಮೊದಲ ಸೂತ್ರ 1871ರದು. ಬೆಳಕಿನ ಅಲೆ ಗಿಡ್ಡವಾದಷ್ಟೂ ಗಾಳಿ ಅದನ್ನು ಹೆಚ್ಚು ಚದುರಿಸುತ್ತದೆ ಎಂದು ರೇಲೀ ತೋರಿಸಿದರು. ಅಲೆಯ ಉದ್ದ ಅರ್ಧವಾದರೆ ಚದುರುವಿಕೆ 16 ಪಟ್ಟು. ಕಡಲಿನ ನೀಲಿಯೂ ಆಕಾಶದ ಪ್ರತಿಬಿಂಬವೇ ಎಂಬುದು ಅವರ ಅಭಿಪ್ರಾಯ. 1921ರಲ್ಲಿ ಇಂಗ್ಲೆಂಡಿನಿಂದ ‘ನಾರ್ಕುಂಡಾ’ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಜೇಬಿನಲ್ಲಿದ್ದ ನಿಕಲ್ ಪಟ್ಟಕವನ್ನು ತಿರುಗಿಸಿ, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ನೀಲಿ ಉಳಿಯಿತು. ‘ನೇಚರ್’ ಪತ್ರಿಕೆಗೆ ಅವರು ಬರೆದ ಕಾಗದದ ಕೆಳಗಿರುವುದು ಬಾಂಬೆ ಬಂದರಿನ ವಿಳಾಸ, ಸೆಪ್ಟೆಂಬರ್ 26. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ರಾಮನ್, ವಡಾಲದ ಪಕ್ಕದ ನೀರಿನಲ್ಲಿ ನಿಂತ ಹಡಗಿನಿಂದ, ಬೇಡದ ಬೆಳಕನ್ನು ಕಳೆದರೆ ಉಳಿಯುವುದೇನು ಎಂಬುದನ್ನು ವರದಿ ಮಾಡಿದ್ದರು.

2000ದ ನವೆಂಬರ್‌ನಲ್ಲಿ ನಾಸಾ ಹಾರಿಸಿದ ಇಒ-1 ಉಪಗ್ರಹದ ‘ಹೈಪೀರಿಯನ್’ ಉಪಕರಣ ಬೆಳಕನ್ನು 242 ಪಟ್ಟಿಗಳಾಗಿ ಸೀಳಿತು. ಭಾರತದ ಹೈಸಿಸ್ 2018ರಲ್ಲಿ ಮೇಲೇರಿತು. ಪಟ್ಟಿ ಹೆಚ್ಚಾದಂತೆ ಗಾಳಿಯ ಗುರುತೂ ಎದ್ದು ಕಾಣುತ್ತದೆ: 760 ನ್ಯಾನೋಮೀಟರ್ ಬಳಿ ಆಮ್ಲಜನಕ, 940 ಮತ್ತು 1140ರ ಬಳಿ ನೀರಾವಿ. 1400 ಮತ್ತು 1900ರ ಬಳಿ ಬೆಳಕು ನೆಲ ಮುಟ್ಟಿ ಬರುವುದೇ ಕಡಿಮೆ. ಆ ಪಟ್ಟಿಗಳನ್ನು ಬಿಡಬೇಕು.

ಫ್ಲಾಶ್‌ನಂಥ ತಂತ್ರಾಂಶದಲ್ಲಿ ಮೊದಲು ಎಡವುವುದು ಏಕಮಾನಗಳಲ್ಲಿ. ಹೈಪೀರಿಯನ್ ಸಂಖ್ಯೆಗಳನ್ನು ಒಂದು ಗುಂಪಿನಲ್ಲಿ 40ರಿಂದ, ಇನ್ನೊಂದರಲ್ಲಿ 80ರಿಂದ ಭಾಗಿಸಬೇಕು. ಫ್ಲಾಶ್‌ನ ಏಕಮಾನ ಬೇರೆಯಾದ್ದರಿಂದ ಅದಕ್ಕೆ 400 ಮತ್ತು 800 ಕೊಡಬೇಕು. ಹತ್ತರ ಈ ಗುಣಕ ಮರೆತರೆ ನೆಲ ತನ್ನ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ಬೆಳಕನ್ನು ಹಿಂದಿರುಗಿಸಿದಂತೆ ತೋರುತ್ತದೆ. ಇಂಥ ತಪ್ಪು ತಾನಾಗಿಯೇ ಕೂಗಿ ಹೇಳುತ್ತದೆ, ಸರಿಪಡಿಸುವುದೂ ಸುಲಭ.

ಕಷ್ಟವಿರುವುದು ಮಬ್ಬಿನ ಲೆಕ್ಕದಲ್ಲಿ. 2100 ನ್ಯಾನೋಮೀಟರ್ ಬೆಳಕು ಮಬ್ಬನ್ನು ಹೆಚ್ಚೂಕಡಿಮೆ ದಾಟಿಬಿಡುತ್ತದೆ, 660ರ ಕೆಂಪು ಸಿಕ್ಕಿಬೀಳುತ್ತದೆ. ದಟ್ಟ ಹಸಿರಿನಲ್ಲಿ ಕೆಂಪಿನ ಪ್ರತಿಫಲನ 2100ರದರ ಸುಮಾರು ಅರ್ಧ. ಅದಕ್ಕಿಂತ ಹೆಚ್ಚು ಕಂಡರೆ ಆ ಹೆಚ್ಚುವರಿ ಮಬ್ಬಿನದು ಎಂದು ತಂತ್ರಾಂಶ ತೀರ್ಮಾನಿಸುತ್ತದೆ. ಒಣನೆಲದ ಕಾಡಿಗೆ ಈ ಊಹೆ ಸರಿ. ಆದರೆ ವಡಾಲದ ಅಂಚಿನಲ್ಲಿ, 30 ಮೀಟರಿನ ಒಂದೇ ಚೌಕದೊಳಗೆ ಕಾಂಡ್ಲಾದ ಎಲೆಯೂ ಕೆಸರುನೀರೂ ಬೆರೆತಿರುತ್ತವೆ. ನೀರು 2100ನ್ನು ನುಂಗುತ್ತದೆ, ಹೂಳು ಕೆಂಪನ್ನು ಹಿಂದಿರುಗಿಸುತ್ತದೆ. ಹೂಳಿನ ಬೆಳಕನ್ನು ತಂತ್ರಾಂಶ ಮಬ್ಬೆಂದು ಬಗೆದು, ಇಡೀ ಚಿತ್ರದಿಂದ ಅತಿಯಾಗಿ ಕಳೆಯುತ್ತದೆ. ಕೊನೆಗೆ ನೀಲಿ ಪಟ್ಟಿಯಲ್ಲಿ ಬಂದರಿನ ನೀರಿನ ಪ್ರತಿಫಲನ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಋಣಸಂಖ್ಯೆಗಳನ್ನೆಲ್ಲ ಸೊನ್ನೆ ಮಾಡಿಬಿಟ್ಟರೆ ನಕ್ಷೆ ಚೊಕ್ಕಟವಾಗಿ ಕಾಣುತ್ತದೆ. ಆದರೆ ಅದೇ ತಪ್ಪು ಲೆಕ್ಕ ಕಾಂಡ್ಲಾದ ಚೌಕಗಳಲ್ಲೂ ಇದೆ. ಅಲ್ಲಿ ಸಂಖ್ಯೆ ಸೊನ್ನೆಯ ಮೇಲೇ ಇರುವುದರಿಂದ ಯಾರೂ ಅನುಮಾನಿಸುವುದಿಲ್ಲ. ಕಾಡೋ ಖಾಲಿ ಜಾಗವೋ ಎಂಬ ತೀರ್ಪು ಆ ಸಂಖ್ಯೆಗಳ ಮೇಲೆ ನಿಂತಿರಬಹುದು. ಸರಿದಾರಿ ನಿಧಾನದ್ದು: ಇಳಿತದ ಹೊತ್ತಿನ ಚಿತ್ರವನ್ನು ಆರಿಸುವುದು, ನೀರಂಚಿನ ಚೌಕಗಳನ್ನು ಮಬ್ಬಿನ ಲೆಕ್ಕದಿಂದ ಹೊರಗಿಡುವುದು, ಆ ದಿನದ ಗೋಚರತೆಯನ್ನು ಕೈಯಾರೆ ಕೊಡುವುದು, ಒಣಗಿದ ಉಪ್ಪಿನ ಗದ್ದೆಯಂಥ ಬಯಲಿನಲ್ಲಿ ನಿಂತು ಅಳೆದ ಪ್ರತಿಫಲನದೊಂದಿಗೆ ಹೋಲಿಸಿ ನೋಡುವುದು. ಆಮೇಲೂ 760ರಲ್ಲಿ ಹಲ್ಲಿನಂಥ ಮೊನೆ ಉಳಿದಿದ್ದರೆ, ಪಟ್ಟಿಗಳ ಅಲೆಯುದ್ದವೇ ಸರಿದಿದೆಯೇ ಎಂದು ಪರೀಕ್ಷಿಸಬೇಕು. ಅಷ್ಟಾಗುವವರೆಗೆ ಆ ಋಣಸಂಖ್ಯೆಗಳನ್ನು ಅಳಿಸದಿರುವುದೇ ಒಳ್ಳೆಯದು.