ಮಂದ್ರದ ತಂತಿಯೂ ಅದರ ದನಿಯೂ

ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾಯಿಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಮೂರರ ಭಾಗ್ಯವೂ ಒಂದೇ ಅಲ್ಲ. ತಾರದ ಸ್ವರ ತಾನಾಗಿಯೇ ಕಿವಿಗೆ ಬೀಳುತ್ತದೆ. ಮಂದ್ರವನ್ನು ಸಭೆಗೆ ಕೇಳಿಸುವುದಕ್ಕೆ ಮನುಷ್ಯನು ಬಹಳ ಪಾಡುಪಟ್ಟಿದ್ದಾನೆ. ಪಾಶ್ಚಾತ್ಯರ ಅಕೂಸ್ಟಿಕ್ ಬೇಸ್ ಗಿಟಾರ್ ಎಂಬ ವಾದ್ಯದ ಚರಿತ್ರೆ ಈ ಪಾಡಿನ ಚರಿತ್ರೆಯೇ ಆಗಿದೆ. ಅದಕ್ಕೆ ಯಾವ ತಂತಿ ಹಾಕಬೇಕು, ಯಾವ ಆಂಪ್ಲಿಫಯರ್ ಜೋಡಿಸಬೇಕು ಎಂಬುದು ಮೇಲುನೋಟಕ್ಕೆ ಅಂಗಡಿಯ ಪ್ರಶ್ನೆ. ಅದನ್ನು ಕುರಿತು ಮಾತನಾಡಲು ಕನ್ನಡದ ಮೇಷ್ಟರೊಬ್ಬನಿಗೆ ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವೇನೂ ಇಲ್ಲ, ನಮ್ಮ ಮನೆಯಲ್ಲಿ ಆ ವಾದ್ಯವೊಂದು ಇದೆ, ಅಷ್ಟೇ.

ಮೊದಲು ತಂತಿಯ ಮಾತು. 1636ರಲ್ಲಿ ಫ್ರಾನ್ಸಿನ ಮಾರೆನ್ ಮರ್ಸೆನ್ ಎಂಬ ಸನ್ಯಾಸಿ ತಂತಿಯ ಕಂಪನದ ನಿಯಮಗಳನ್ನು ಬರೆದಿಟ್ಟನು. ಸ್ವರ ಒಂದು ಸ್ಥಾಯಿ ಕೆಳಗಿಳಿಯಬೇಕಾದರೆ ತಂತಿಯ ಉದ್ದ ಇಮ್ಮಡಿಯಾಗಬೇಕು, ಇಲ್ಲವೇ ಬಿಗಿತ ಕಾಲುಭಾಗಕ್ಕೆ ಇಳಿಯಬೇಕು, ಅದೂ ಆಗದಿದ್ದರೆ ತೂಕ ನಾಲ್ಮಡಿಯಾಗಬೇಕು. ಉದ್ದ ಹೆಚ್ಚಿಸಿದರೆ ಕೈ ನಿಲುಕದು. ಬಿಗಿತ ಇಳಿಸಿದರೆ ತಂತಿ ಜೋಲುಬಿದ್ದು ನಾದ ಸತ್ತುಹೋಗುತ್ತದೆ. ಉಳಿಯುವುದು ತೂಕ. ಆ ಕಾಲದ ತಂತಿಯೋ ಕುರಿಯ ಕರುಳಿನದು. ಅದನ್ನು ದಪ್ಪ ಮಾಡುತ್ತ ಹೋದಂತೆ ಹಗ್ಗದಂತೆ ಮೊಂಡಾಗಿ, ಮೀಟಿದರೆ ಬರಿಯ ಧಪ್ಪೆಂಬ ಶಬ್ದ ಬರುತ್ತಿತ್ತು. ಕರುಳಿನ ತಂತಿಯ ಮೇಲೆ ಲೋಹದ ಸಣ್ಣ ಎಳೆಯನ್ನು ಒತ್ತಾಗಿ ಸುತ್ತಿ, ಬಳುಕು ಕೆಡದಂತೆ ತೂಕ ಏರಿಸುವ ಉಪಾಯ ಹದಿನೇಳನೆಯ ಶತಮಾನದ ನಡುವೆ ಹೊಳೆಯಿತು. ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫರ್ಡ್ 1664ರಲ್ಲಿ ಇಂಥ ತಂತಿಯನ್ನು ಹೊಸ ಸಂಗತಿಯೆಂದು ಪ್ರಕಟಿಸಿದ್ದಾನೆ. ಇದನ್ನು ನಾನು ಸಣ್ಣ ಉಪಾಯವೆಂದು ಭಾವಿಸುವುದಿಲ್ಲ. ಇಂದು ನಮ್ಮ ವೈಣಿಕರು ಅನುಮಂದ್ರಕ್ಕೆ ಹಾಕುವ ಸುತ್ತುತಂತಿಯ ತತ್ತ್ವವೂ ಇದೇ.

ತಂತಿಯೊಂದೇ ಸಾಲದು, ಗಾಳಿಯನ್ನು ತಳ್ಳುವ ಒಡಲು ಬೇಕು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆಯ ಉದ್ದ ಗಾಳಿಯಲ್ಲಿ ಸುಮಾರು 27 ಅಡಿ. ತೊಡೆಯ ಮೇಲೆ ಕೂರುವ ಪೆಟ್ಟಿಗೆ ಅಷ್ಟು ದೊಡ್ಡ ಅಲೆಯನ್ನು ಎಬ್ಬಿಸುವುದಾದರೂ ಹೇಗೆ? ಆದ್ದರಿಂದಲೇ ಡಬಲ್ ಬೇಸ್ ಆಳೆತ್ತರಕ್ಕೆ ಬೆಳೆಯಿತು. ಮೆಕ್ಸಿಕೋದ ಮರಿಯಾಚಿ ಮೇಳದವರು ಗಿಟರೋನ್ ಎಂಬ ಹೊಟ್ಟೆ ಉಬ್ಬಿದ ಗಿಟಾರನ್ನು ಕಟ್ಟಿಕೊಂಡರು. ಅದಕ್ಕೆ ಮೆಟ್ಟಿಲುಗಳಿಲ್ಲ, ತಂತಿ ಆರು. ಅಮೆರಿಕದ ಗಿಬ್ಸನ್ ಕಂಪೆನಿ 1910ರ ದಶಕದಲ್ಲಿ ಮ್ಯಾಂಡೊಲಿನ್ ಮೇಳಗಳಿಗಾಗಿ ದೈತ್ಯಗಾತ್ರದ ಮ್ಯಾಂಡೊಲಿನ್ನೊಂದನ್ನೇ ಮಾಡಿ ಮಾರಿತು. ಅದರ ಚಿತ್ರ ನೋಡಿದರೆ ನಗು ಬರುತ್ತದೆ.

ವಿದ್ಯುತ್ತು ಬಂದ ಮೇಲೆ ಕಥೆ ಕವಲೊಡೆಯಿತು. ಸಿಯಾಟಲಿನ ಪಾಲ್ ಟಟ್ಮಾರ್ಕ್ 1930ರ ದಶಕದ ನಡುವಿನಲ್ಲೇ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿದ್ದನು, ಜನ ಗಮನಿಸಲಿಲ್ಲ. 1940ರ ದಶಕದಲ್ಲಿ ಎವರೆಟ್ ಹಲ್ ಎಂಬ ಬೇಸ್ ವಾದಕ ಡಬಲ್ ಬೇಸ್ ನೆಲಕ್ಕೆ ಊರುವ ಗೂಟದೊಳಗೇ ಪಿಕಪ್ ಒಂದನ್ನು ಅಡಗಿಸಿದನು. ಧ್ವನಿವರ್ಧನಗೊಂಡ ಗೂಟವೆಂಬ ಅರ್ಥದ ಇಂಗ್ಲಿಷ್ ಮಾತನ್ನು ಮೊಟಕುಮಾಡಿದಾಗ ಹುಟ್ಟಿದ್ದೇ ಆಂಪೆಗ್ ಎಂಬ ಕಂಪೆನಿಯ ಹೆಸರು. ಪದಗಳ ಹುಟ್ಟನ್ನು ಹುಡುಕುವ ನನ್ನಂಥವನಿಗೆ ಈ ಹೆಸರು ತುಂಬ ಹಿಡಿಸಿತು. 1951ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದು ಮುಂದೆ ವಾದ್ಯ ತಯಾರಿಸತೊಡಗಿದ ಲಿಯೋ ಫೆಂಡರ್ ಗಟ್ಟಿಮರದ ಹಲಗೆಗೆ ನಾಲ್ಕು ತಂತಿ, ಮೆಟ್ಟಿಲು, ಅಯಸ್ಕಾಂತದ ಪಿಕಪ್ ಜೋಡಿಸಿ ಪ್ರಿಸಿಷನ್ ಬೇಸನ್ನು ಹೊರತಂದನು. ಒಡಲೇ ಬೇಡವಾಯಿತು, ಒಡಲಿನ ಕೆಲಸವನ್ನು ಸ್ಪೀಕರು ವಹಿಸಿಕೊಂಡಿತು.

ಆದರೆ ಮರದ ನಾದದ ಆಸೆ ಹೋಗಲಿಲ್ಲ. ಗಿಟಾರ್ ತಂತಿಗಳ ವ್ಯಾಪಾರದಿಂದ ಹೆಸರು ಮಾಡಿದ್ದ ಅರ್ನಿ ಬಾಲ್, ವಿದ್ಯುತ್ ಗಿಟಾರಿಗೆ ವಿದ್ಯುತ್ ಬೇಸ್ ಜೊತೆಯಿರುವಾಗ ಮರದ ಗಿಟಾರಿಗೆ ಮರದ ಬೇಸ್ ಏಕಿರಬಾರದೆಂದು ಯೋಚಿಸಿದನು. ಗಿಟರೋನನ್ನು ಮಾದರಿಯಾಗಿಟ್ಟುಕೊಂಡು, ಫೆಂಡರನ ಹಳೆಯ ಜೊತೆಗಾರ ಜಾರ್ಜ್ ಫುಲ್ಲರ್ಟನ್ನನ ನೆರವಿನಿಂದ 1972ರಲ್ಲಿ ಅರ್ತ್‌ವುಡ್ ಎಂಬ ಬೇಸ್ ಹೊರತಂದನು. ಆಳವಾದ ಭಾರಿ ಒಡಲು. ಅಪ್ಪಿಕೊಂಡವನ ತೋಳು ನೋಯುತ್ತಿತ್ತು. ಮಿಲ್ವಾಕಿಯ ಬೀದಿಗಳಲ್ಲಿ ನುಡಿಸುತ್ತಿದ್ದ ವೈಲೆಂಟ್ ಫೆಮ್ಸ್ ತಂಡದ ಬ್ರಯಾನ್ ರಿಚಿ ಈ ವಾದ್ಯಕ್ಕೆ ಹೆಸರು ತಂದನು. ಆ ತಂಡದ ಮೊದಲ ಧ್ವನಿಮುದ್ರಿಕೆ 1983ರದು. ಅನಂತರ ಬಂದ ತಯಾರಕರು ಒಡಲನ್ನು ಕಿರಿದುಮಾಡಿ, ಕುದುರೆಯ ಕೆಳಗೆ ಪೀಜೋ ಪಿಕಪ್ ಇಟ್ಟು ಮಾರತೊಡಗಿದರು. ಹಿಡಿಯಲು ಸುಲಭವಾಯಿತು, ನಾದ ಮಾತ್ರ ಹಿಂದಿನ ಸಮಸ್ಯೆಗೇ ಮರಳಿತು.

ಆ ಸಮಸ್ಯೆಯನ್ನು ನಾನು ಕಂಡದ್ದು ನನ್ನ ಮಗಳ ಮಗನಲ್ಲಿ. ಪಿ.ಯು.ಸಿ. ಓದುವ ಹುಡುಗ, ಎರಡು ಗಿಟಾರು, ಒಂದು ತಬಲದ ಜೊತೆ ಕಾಲೇಜಿನಲ್ಲಿ ನುಡಿಸಿದ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ಅವನ ಬೆರಳು ಕಂಡಿತೇ ಹೊರತು ಒಂದು ಸ್ವರವೂ ಕೇಳಲಿಲ್ಲ. ಮನೆಗೆ ಬಂದು, “ತಾತ, ನಾನು ನುಡಿಸಿದರೂ ಒಂದೇ, ಬಿಟ್ಟರೂ ಒಂದೇ. ಇದನ್ನು ಮಾರಿಬಿಡೋಣ” ಎಂದ. ಗೆಳೆಯನ ಗಿಟಾರಿನ ಪುಟ್ಟ ಆಂಪ್ಲಿಫಯರಿಗೆ ಜೋಡಿಸಿ ನೋಡಿದರೆ ಡಬ್ಬ ಬಡಿದಂತೆ ಕರ್ಕಶವಾಯಿತು. ಅಂಗಡಿಯೊಂದರಲ್ಲಿ ಬಹಳ ದೊಡ್ಡ ಯಂತ್ರವನ್ನು ಕೊಳ್ಳಿರೆಂದರು. ನನಗೆ ಅದು ಸರಿಕಾಣಲಿಲ್ಲ. ಓದತೊಡಗಿದೆ.

ಒತ್ತಿದಾಗ ವಿದ್ಯುತ್ತು ಹೊಮ್ಮಿಸುವ ಹರಳಿನ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡುಹಿಡಿದಿದ್ದರು. ಪೀಜೋ ಪಿಕಪ್ಪಿನ ಮೂಲ ಅದು. ಅದರ ವಿದ್ಯುತ್ತು ಬಲು ನಾಜೂಕು. ಎದುರಿನ ಯಂತ್ರ ಹೆಚ್ಚು ಇಂಪೀಡೆನ್ಸಿನದಾಗಿರದಿದ್ದರೆ, ಅಂದರೆ ಕನಿಷ್ಠ ಹತ್ತು ಲಕ್ಷ ಓಮ್, ಸಾಧ್ಯವಾದರೆ ಅದಕ್ಕೂ ಹೆಚ್ಚು ಇರದಿದ್ದರೆ, ಮೊದಲು ಸೋರಿಹೋಗುವುದು ಮಂದ್ರವೇ. ಹುಡುಗನಿಗೆ ಬೇಕಾಗಿದ್ದುದು ದೊಡ್ಡ ಯಂತ್ರವಲ್ಲ; ನಡುವೆ ಒಂದು ಪ್ರೀಆಂಪ್, ಆಮೇಲೆ ಮಂದ್ರಕ್ಕೆಂದೇ ಮಾಡಿದ 12 ಅಂಗುಲದ ಸ್ಪೀಕರು. ಗಿಟಾರಿನ ಪುಟ್ಟ ಸ್ಪೀಕರಿಗೆ ಮಂದ್ರವನ್ನು ಜೋರಾಗಿ ಹಾಯಿಸಿದರೆ ಅದು ಹರಿದುಹೋಗಲೂಬಹುದು. ಇಲ್ಲಿಯೂ ಚರಿತ್ರೆ ದಾರಿ ತೋರಿಸಿದೆ: 1960ರಲ್ಲಿ ಆಂಪೆಗ್ ಕಂಪೆನಿ ಹೊರತಂದ ಹೆಸರುವಾಸಿಯಾದ ಪೋರ್ಟಾಫ್ಲೆಕ್ಸ್ ಆಂಪ್ಲಿಫಯರಿನ ಶಕ್ತಿ 25 ವ್ಯಾಟ್ ಮಾತ್ರ, ಸ್ಪೀಕರು 15 ಅಂಗುಲ. ಅದು ಎಷ್ಟೋ ಪ್ರಸಿದ್ಧ ಧ್ವನಿಮುದ್ರಣಗಳಿಗೆ ಸಾಕಾಯಿತು.

ತಂತಿಯ ಆಯ್ಕೆ ಇನ್ನೂ ಸೂಕ್ಷ್ಮ. ಫಾಸ್ಫರ್ ಬ್ರಾಂಜಿನ ದುಂಡುಸುತ್ತಿನ ತಂತಿ ಮರದಲ್ಲಿ ಚೆನ್ನಾಗಿ ಝೇಂಕರಿಸುತ್ತದೆ. ಆದರೆ ಬೆರಳು ಜಾರಿದಾಗ ಕೀಚಲು ದನಿ ಬರುತ್ತದೆ, ಪೀಜೋ ಅದನ್ನು ಇಮ್ಮಡಿಸುತ್ತದೆ. ಕಂಚು ಅಯಸ್ಕಾಂತಕ್ಕೆ ಒಲಿಯದಾದ್ದರಿಂದ ಅಯಸ್ಕಾಂತದ ಪಿಕಪ್ಪಿಗೂ ಅದು ಹೊಂದದು. ಚಪ್ಪಟೆ ಎಳೆ ಸುತ್ತಿದ ತಂತಿ ಮೃದು. ಮೋಟೌನಿನ ಜೇಮ್ಸ್ ಜೇಮರ್ಸನ್ ಅದನ್ನೇ ಹಾಕಿಕೊಂಡು, ವರ್ಷಗಟ್ಟಲೆ ಬದಲಿಸುತ್ತಿರಲಿಲ್ಲವೆಂದು ಪ್ರತೀತಿ. ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ರೋಟೊಸೌಂಡ್ ಕಂಪೆನಿ 1966ರಲ್ಲಿ ಜಾನ್ ಎಂಟ್ವಿಸಲ್ ಎಂಬ ವಾದಕನ ಜೊತೆ ಸೇರಿ ಪಿಯಾನೊದಂತೆ ಮೊಳಗುವ ದುಂಡುಸುತ್ತಿನ ತಂತಿಯನ್ನು ರೂಪಿಸಿತು. ಮೂರನೆಯದು ಲೋಹದ ತಂತಿಯ ಮೇಲೆ ನೈಲಾನ್ ಪಟ್ಟಿ ಸುತ್ತಿದ್ದು. ಅದರ ದನಿ ಡಬಲ್ ಬೇಸಿನ ಗಂಭೀರ ದನಿಗೆ ಹತ್ತಿರ. ನಾವು ಆರಿಸಿದ್ದು ಅದನ್ನೇ. ಒಡಲು ಸ್ಪೀಕರಿನ ದನಿಗೆ ತಾನೇ ಕಂಪಿಸಿ ಊಳಿಡದಂತೆ ನಾದರಂಧ್ರಕ್ಕೆ ರಬ್ಬರಿನ ಮುಚ್ಚಳವನ್ನೂ ಹಾಕಿದೆವು. ಹುಡುಗ ಈಗ ವಾದ್ಯ ಮಾರುವ ಮಾತನ್ನು ಆಡುತ್ತಿಲ್ಲ.

ಮರಕ್ಕೆ ತಂತಿ ಹೂಡಿ ಯಂತ್ರಕ್ಕೆ ಜೋಡಿಸಿದರೆ ಅದು ಮರದ ನಾದವೇ ಆಗುತ್ತದೆಯೇ ಎಂದು ವೀಣೆಗೆ ಮೈಕ್ ಬಂದಾಗ ನಮ್ಮಲ್ಲೂ ವಾದವಾಯಿತು. ಅಮೆರಿಕದ ಟೆಲಿವಿಷನ್ನಿನಲ್ಲಿ 1989ರಿಂದ, ವಿದ್ಯುತ್ ವಾದ್ಯಗಳನ್ನು ಬದಿಗಿಟ್ಟು ಹಾಡುವ ಅನ್‌ಪ್ಲಗ್ಡ್ ಎಂಬ ಕಾರ್ಯಕ್ರಮ ಬಂದು ಮರದ ವಾದ್ಯಗಳಿಗೆ ಹೊಸ ಬೇಡಿಕೆ ಹುಟ್ಟಿತು. 1993ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣಗೊಂಡ ನಿರ್ವಾಣ ತಂಡದ ಕಚೇರಿಯಲ್ಲಿ ಕ್ರಿಸ್ಟ್ ನೊವೊಸೆಲಿಕ್ ನುಡಿಸಿದ್ದು ಅಕೂಸ್ಟಿಕ್ ಬೇಸ್ ಗಿಟಾರನ್ನೇ. ಗಾಯಕ ಕರ್ಟ್ ಕೊಬೇನನ ಮರದ ಗಿಟಾರಿಗೂ ಅಂದು ಆಂಪ್ಲಿಫಯರ್ ಬೇಕಾಯಿತು. ಕಾರ್ಯಕ್ರಮದ ಹೆಸರಿಗೆ ಕುಂದು ಬಾರದಂತೆ, ಅದರ ಮುಂದೆ ಮಾನಿಟರ್ ಸ್ಪೀಕರಿನಂತೆ ಕಾಣುವ ಪೆಟ್ಟಿಗೆಯೊಂದನ್ನು ಕಟ್ಟಿ ಮರೆಮಾಡಿದರು.